ಸ್ವಿಚ್ ಆಫ್ ಇದ್ದರೂ ಜುಮ್ ಅನ್ನುವ ಗ್ರೈಂಡರ್

ಹಿಟ್ಟು ರುಬ್ಬಿ ಆಯಿತು, ಸ್ವಿಚ್ ಆಫ್, ಕಲ್ಲು ನಿಂತಿದೆ. ಹಿಟ್ಟು ಬಳಿಯಲು ಪಾತ್ರೆಗೆ ಕೈ ಹಾಕಿದರೆ ಮೊಣಕೈವರೆಗೂ ಜುಮ್. ರಿಪೇರಿಗೆ ಬಂದ ಟೇಬಲ್‌ಟಾಪ್ ವೆಟ್ ಗ್ರೈಂಡರ್ ಒಂದರ ಕಥೆ ಇದು. ಮನೆಯವರು ರಬ್ಬರ್ ಚಪ್ಪಲಿ ಹಾಕಿಕೊಂಡು ಹಾಗೇ ದಿನ ದೂಡಿದ್ದರು. ಒಂದು ದಿನ ಇನ್ನೊಂದು ಕೈ ಸ್ಟೀಲ್ ನಲ್ಲಿಯ ಮೇಲಿತ್ತು. ಯಾರೋ ಓಡಿಬಂದು ಪ್ಲಗ್ ಕಿತ್ತ ಮೇಲೇ ಕೈ ಬಿಟ್ಟದ್ದು.

ತಳ ಬಿಚ್ಚಿದರೆ ಎರಡು ತಪ್ಪು ಒಟ್ಟಿಗೇ ಕಂಡವು. ಹಿಂದೆ ಸ್ವಿಚ್ ಬದಲಿಸಿದವರು ಮೂರು ಕೋರಿನ, ಅಂದರೆ ಒಳಗೆ ಮೂರು ತಂತಿಯ, ಕೇಬಲ್ ತೆಗೆದು ಎರಡು ಕೋರಿನ ವೈರ್ ಹಾಕಿದ್ದರು; ಪ್ಲಗ್‌ಗೆ ಮೂರು ಪಿನ್ ಇದ್ದರೂ ದಪ್ಪ ಅರ್ತ್ ಪಿನ್‌ನ ಸ್ಕ್ರೂಗೆ ವೈರೇ ಇಲ್ಲ. ಜೊತೆಗೆ ಸ್ವಿಚ್ ಕೂತಿದ್ದು ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್ ವೈರಿನಲ್ಲಿ. ನ್ಯೂಟ್ರಲ್ ಕತ್ತರಿಸಿದರೂ ಮೋಟಾರ್ ನಿಲ್ಲುತ್ತದೆ, ಆದ್ದರಿಂದ ತಪ್ಪು ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಕರೆಂಟ್ ತರುವ ಫೇಸ್‌ನ 230 ವೋಲ್ಟ್ ಮೋಟಾರಿನ ತಂತಿ ಸುರುಳಿಯಲ್ಲಿ, ಅಂದರೆ ವೈಂಡಿಂಗ್‌ನಲ್ಲಿ, ಹಾಗೇ ಕಾದಿರುತ್ತದೆ. ತೊಳೆಯುವಾಗ ಒಳಗಿಳಿದ ನೀರು ವೈಂಡಿಂಗ್ ನೆನೆಸಿದರೆ ಕರೆಂಟ್ ಗ್ರೈಂಡರಿನ ಲೋಹದ ಮೈಗೆ (ಬಾಡಿ) ಹಾಯುತ್ತದೆ. ಅರ್ತ್ ಇಲ್ಲದ ಮೇಲೆ ಅದಕ್ಕೆ ನಿಮ್ಮ ಮೈಯೇ ದಾರಿ.

ಕರೆಂಟ್ ಮಿತಿಮೀರಿದರೆ ಲೈನ್ ಕಡಿಯುವ ಎಂಸಿಬಿ ಇದೆಯಲ್ಲ ಅನ್ನಬೇಡಿ. 16 ಆಂಪ್ ಎಂಸಿಬಿಗೆ, ಮನುಷ್ಯನನ್ನು ಕೊಲ್ಲಬಲ್ಲ 0.1 ಆಂಪ್ ಲೆಕ್ಕಕ್ಕೇ ಇಲ್ಲ. ಕೆಲಸಕ್ಕೆ ಬರುವುದು ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ. ಅದೂ ಅರ್ತ್ ಸರಿಯಿದ್ದರೆ ಸೋರಿಕೆ ಶುರುವಾದಾಗಲೇ ಬೀಳುತ್ತದೆ. ಇಲ್ಲದಿದ್ದರೆ ನೀವು ಮುಟ್ಟುವವರೆಗೂ ಕಾಯುತ್ತದೆ.

ಸ್ವಿಚ್ ಬದಲಿಸುವಾಗ ಕಂದು ಬಣ್ಣದ ಫೇಸ್ ವೈರನ್ನೇ ಸ್ವಿಚ್‌ಗೆ ಕೊಡಬೇಕು. ನೀಲಿ ನ್ಯೂಟ್ರಲ್. ಹಸಿರು-ಹಳದಿ ಅರ್ತ್ ಯಾವ ಸ್ವಿಚ್ಚಿನ ಮೂಲಕವೂ ಹೋಗಬಾರದು. ಅದನ್ನು ಪೇಂಟ್ ಕೆರೆದ ಲೋಹದ ಮೇಲೆ ರಿಂಗ್ ಲಗ್ (ವೈರ್ ತುದಿಯ ಲೋಹದ ಬಳೆ), ಹಲ್ಲಿರುವ ಸ್ಟಾರ್ ವಾಷರ್ ಹಾಕಿ ಬಿಗಿಯಬೇಕು. ಒದ್ದೆ ಕೈಯ ಯಂತ್ರಕ್ಕೆ ಡಬಲ್ ಪೋಲ್ ಸ್ವಿಚ್ಚೇ ಒಳ್ಳೆಯದು, ಎರಡೂ ವೈರ್ ಒಟ್ಟಿಗೆ ಕಡಿಯುತ್ತದೆ. ಆದರೆ ಅದರ ನಾಲ್ಕು ಕಾಲುಗಳಲ್ಲಿ ಜೋಡಿ ಯಾವುದೆಂದು ಮೀಟರ್ ಹಿಡಿದು ನೋಡಿಕೊಳ್ಳಿ. ಒಂದೇ ಜೋಡಿಗೆ ಫೇಸ್, ನ್ಯೂಟ್ರಲ್ ಎರಡನ್ನೂ ಕೊಟ್ಟರೆ ಆನ್ ಮಾಡಿದ ಕ್ಷಣ ನೇರ ಶಾರ್ಟ್. ಒಳಗೆ ಕೈ ಹಾಕುವ ಮೊದಲು ಪ್ಲಗ್ ಕಿತ್ತು, ಕೆಪಾಸಿಟರನ್ನು ರೆಸಿಸ್ಟರ್ ಮೂಲಕ ಡಿಸ್ಚಾರ್ಜ್ ಮಾಡಿ.

ಗ್ರೈಂಡರ್ ಸರಿಯಿದ್ದು ಗೋಡೆಯ ಸಾಕೆಟ್ ಅದಲುಬದಲಾಗಿದ್ದರೂ ಇದೇ ಪಾಡು, ಇದನ್ನು ಮರೆಯುವವರೇ ಹೆಚ್ಚು. ಅರ್ತ್ ತೂತು ಮೇಲಿದ್ದಾಗ ಎದುರಿನಿಂದ ನೋಡಿದರೆ ಬಲಗಡೆ ಫೇಸ್ ಬರಬೇಕು. ಟೆಸ್ಟರ್ ಎಡಗಡೆ ಉರಿದರೆ ಮೊದಲು ಸಾಕೆಟ್ ಸರಿಪಡಿಸಿ.

ಮುಚ್ಚುವ ಮೊದಲು, ಪ್ಲಗ್ ಹೊರಗಿರುವಾಗಲೇ, ಮೂರು ಅಳತೆ. ಪ್ಲಗ್‌ನ ಪಿನ್‌ಗಳು ನಿಮ್ಮ ಕಡೆಗಿದ್ದು ಅರ್ತ್ ಮೇಲಿದ್ದರೆ ಎಡಗಡೆಯದು ಫೇಸ್. ಸ್ವಿಚ್ ಆಫ್‌ನಲ್ಲಿ ಆ ಪಿನ್ನಿಗೂ ಮೋಟಾರ್ ವೈರಿಗೂ ಮೀಟರ್ ಬೀಪ್ ಅನ್ನಬಾರದು. ಅರ್ತ್ ಪಿನ್ನಿಗೂ ಬಾಡಿಗೂ 1 ಓಮ್ ಒಳಗೆ ಬರಬೇಕು. ಕೊನೆಗೆ, ಸ್ವಿಚ್ ಆನ್ ಇಟ್ಟು, ಫೇಸ್-ನ್ಯೂಟ್ರಲ್ ಪಿನ್ ಸೇರಿಸಿ ಅರ್ತ್‌ಗೆ 500 ವೋಲ್ಟ್ ಮೆಗ್ಗರ್, ಅಂದರೆ ಇನ್ಸುಲೇಶನ್ ಅಳೆಯುವ ಮೀಟರ್, ಹಿಡಿಯಿರಿ. 1 ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ವೈಂಡಿಂಗ್ ಕೆಟ್ಟಿದೆ ಅಥವಾ ನೆನೆದಿದೆ. ಬಿಸಿಲಿಗಿಟ್ಟು ಒಣಗಿಸಿದರೆ ಜುಮ್ ನಿಲ್ಲಬಹುದು, ಆದರೆ ಮತ್ತೆ ಅಳೆಯದೆ ಅದಕ್ಕೆ ಅಕ್ಕಿ ಹಾಕಬೇಡಿ.