ಸಣ್ಣ ಡ್ರೈ ಶೀಟ್: ಒಂದು ವರ್ಷ ಬಳಸಿದ ಮೇಲೆ

ಡ್ರೈ ಶೀಟ್ ಎಂದರೆ ಹಾಸಿಗೆಗೆ ಒದ್ದೆ ಇಳಿಯದಂತೆ ಮಗುವಿನ ಕೆಳಗೆ ಹಾಸುವ, ಹಿಂಬದಿಯಲ್ಲಿ ನೀರನ್ನು ಬಿಡದ ಪದರವಿರುವ ಸಣ್ಣ ಹಾಸು. ಆದರೆ ಅದಕ್ಕೂ ಮುಂಚೆ ಕೊಂಡ ದೊಡ್ಡ ಕವರಿನ ಮೇಲಿನ ಸಿಟ್ಟನ್ನು ಮೊದಲು ಹೇಳಿ ಮುಗಿಸುತ್ತೇನೆ. ಕಳೆದ ವರ್ಷ ಆಗಸ್ಟ್‌ನಲ್ಲಿ, ಮಗನಿಗೆ ನಾಲ್ಕು ತುಂಬಿದಾಗ, ಡಬಲ್ ಕಾಟಿನ ಹಾಸಿಗೆಯನ್ನು ಪೂರ್ತಿ ಮುಚ್ಚುವ ಜಲನಿರೋಧಕ ಕವರನ್ನು 1,150 ರೂಪಾಯಿ ಕೊಟ್ಟು ತರಿಸಿದೆ. ಹಾಸಿಗೆಗೆ ಒಂದು ಹನಿಯೂ ಇಳಿಯಲಿಲ್ಲ, ಅದು ನಿಜ. ಆದರೆ ರಾತ್ರಿ ಎರಡು ಗಂಟೆಗೆ ಮಗು ಒದ್ದೆ ಮಾಡಿಕೊಂಡರೆ ಮೂವರೂ ಮಂಚದಿಂದ ಇಳಿಯಬೇಕು, ದೀಪ ಹಾಕಬೇಕು, ನಾಲ್ಕು ಮೂಲೆಯ ಎಲಾಸ್ಟಿಕ್ ಬಿಡಿಸಬೇಕು. ಅಷ್ಟು ಹೊತ್ತಿಗೆ ಎಲ್ಲರ ನಿದ್ದೆಯೂ ಹಾರಿ, ಯಾರಾದರೊಬ್ಬರ ಬಾಯಿಂದ ಮಗುವಿನ ಮೇಲೆ ಒಂದು ಮಾತು ಬಂದೇ ಬರುತ್ತಿತ್ತು. ಅಂಥ ಒಂದು ರಾತ್ರಿ ನಾನೇ ‘ನಾಚಿಕೆಯಾಗುವುದಿಲ್ಲವೇ ನಿನಗೆ?’ ಎಂದುಬಿಟ್ಟೆ. ಎರಡು ದಿನ ಬಿಟ್ಟು ಕಸ ಗುಡಿಸುವಾಗ ಅವನ ಒದ್ದೆ ಚಡ್ಡಿ ಮಂಚದ ಕೆಳಗೆ ಆಟದ ಲಾರಿಯ ಹಿಂದೆ ಸಿಕ್ಕಿತು. ಬಚ್ಚಿಟ್ಟಿದ್ದ.

ಒಗೆಯುವುದು ಇನ್ನೊಂದು ಪಾಡು. ಮೊದಲ ಸಲ ಹಾಕಿದಾಗಲೇ ವಾಷಿಂಗ್ ಮೆಷಿನ್ ಗಡಗಡ ಅಲುಗಿ ನಿಂತ ಜಾಗದಿಂದ ಒಂದು ಅಡಿ ಸರಿಯಿತು. ನೀರನ್ನು ಬಿಡದ ಬಟ್ಟೆ ತಾನೇ! ಹಿಂಡುವಾಗ ನೀರು ಅದರ ಮಡಿಕೆಯೊಳಗೇ ನಿಂತು ಕೊಡದಂತೆ ಉಬ್ಬುತ್ತದೆ, ತೂಕವೆಲ್ಲ ಒಂದು ಕಡೆಗೆ ವಾಲುತ್ತದೆ. ಇಂಥ ಬಟ್ಟೆಗೆ ಸ್ಪಿನ್ ಹಾಕಬೇಡಿ ಎಂದು ನಮ್ಮ ಮೆಷಿನ್‌ನ ಕೈಪಿಡಿಯಲ್ಲಿ ಇತ್ತು, ಕವರಿನ ಪೊಟ್ಟಣದ ಮೇಲೆ ಇರಲಿಲ್ಲ. ಮೇಲಾಗಿ ಮಂಡ್ಯದಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆಯೇ ಜೋರು. ಬೆಳಿಗ್ಗೆ ತಾರಸಿಯ ಮೇಲೆ ಹರವಿ ಮೈಸೂರಿನ ರೈಲಿಗೆ ಓಡಿದರೆ, ಸಂಜೆ ನಾನು ಮರಳುವಷ್ಟರಲ್ಲಿ ಅದು ಮತ್ತೆ ತೊಯ್ದು ತೊಪ್ಪೆಯಾಗಿರುತ್ತಿತ್ತು. ಮೂರು ದಿನವಾದರೂ ಒಣಗದೆ ಮುಗ್ಗಲು ವಾಸನೆ.

ಅಕ್ಟೋಬರ್‌ನಲ್ಲಿ ಪೇಟೆ ಬೀದಿಯ ಅಂಗಡಿಯೊಂದರಿಂದ ಹಸುಗೂಸುಗಳಿಗೆಂದು ಮಾರುವ ಡ್ರೈ ಶೀಟ್‌ಗಳನ್ನು ತಂದೆ. ಇದ್ದುದರಲ್ಲಿ ದೊಡ್ಡ ಅಳತೆ, ಉದ್ದ 140 ಸೆಂ.ಮೀ., ಅಗಲ 100. ಒಂದಕ್ಕೆ 380 ರೂಪಾಯಿಯಂತೆ ಮೂರು. ಈ ವಿಮರ್ಶೆ ಅವುಗಳದ್ದು.

ನಾನು ಹಾಸುವ ಬಗೆಯನ್ನು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಲಾಭವೆಲ್ಲ ಅದರಲ್ಲೇ ಇದೆ. ಹಾಸಿಗೆಯ ಮೇಲೆ ಎಂದಿನ ಬೆಡ್‌ಶೀಟ್. ಮಗ ಮಲಗುವ ಬದಿಯಲ್ಲಿ ಒಂದು ಡ್ರೈ ಶೀಟ್. ಅದರ ಮೇಲೆ ಮಾವನವರ ಹಳೆಯ ಪಂಚೆ, ಎರಡು ಮಡಿಕೆಯಾಗಿ. ಅದರ ಮೇಲೆ ಮತ್ತೊಂದು ಡ್ರೈ ಶೀಟ್, ಮತ್ತೊಂದು ಪಂಚೆ. ಅಂದರೆ ಒಂದೇ ಜಾಗದಲ್ಲಿ ಎರಡು ಹಾಸು ಸಿದ್ಧ. ಒಗೆದು ಒಗೆದು ಬೆಣ್ಣೆಯಂತಾದ ಹಳೆಯ ಪಂಚೆಯಷ್ಟು ಬೇಗ ಒದ್ದೆ ಹೀರುವ ಬಟ್ಟೆಯನ್ನು ನಾನು ಕಂಡಿಲ್ಲ. ಬೇಸಿಗೆಯಲ್ಲಿ ಬೆನ್ನು ಬೆವರದಂತೆ ಕಾಯುವುದೂ ಅದೇ.

ರಾತ್ರಿ ಕೈಗೆ ತೇವ ತಾಗಿತೆನ್ನಿ. ನಮ್ಮವರು ಮಗುವನ್ನು ಹೆಗಲಿಗೆ ಹಾಕಿಕೊಳ್ಳುತ್ತಾರೆ. ನಾನು ಮೇಲಿನ ಪಂಚೆಯನ್ನೂ ಡ್ರೈ ಶೀಟನ್ನೂ ಒಟ್ಟಿಗೆ, ಒದ್ದೆ ಒಳಕ್ಕೆ ಬರುವಂತೆ ಚಾಪೆಯ ಹಾಗೆ ಸುತ್ತಿ ಬಾಗಿಲ ಬಳಿಯ ಬಕೆಟ್ಟಿಗೆ ಹಾಕುತ್ತೇನೆ. ಕೆಳಗೆ ಒಣ ಹಾಸು ಕಾದಿರುತ್ತದೆ. ಕತ್ತಲಲ್ಲೇ ಚಡ್ಡಿ ಬದಲಾಯಿಸಿ ಮಲಗಿಸಿದರೆ ಅವನು ಕಣ್ಣೂ ತೆರೆಯುವುದಿಲ್ಲ. ಬೆಚ್ಚಗಿನ ಕಾಲನ್ನು ನನ್ನ ಹೊಟ್ಟೆಗೆ ಒತ್ತಿ ಒಮ್ಮೆ ಲೊಚಗುಟ್ಟಿ ನಿದ್ದೆಗೆ ಜಾರುತ್ತಾನೆ. ನೂರು ಎಣಿಸುವುದರೊಳಗೆ ಎಲ್ಲವೂ ಮುಗಿಯುತ್ತದೆ. ಈ ಒಂದು ವರ್ಷದಲ್ಲಿ ನಮ್ಮ ಮನೆಯಲ್ಲಿ ರಾತ್ರಿ ಹೊತ್ತು ಯಾರೂ ಅವನನ್ನು ಗದರಿಸಿಲ್ಲ. ಎರಡು ಶೀಟಿನ 760 ರೂಪಾಯಿಗೆ ಇಷ್ಟು ಸಿಗುತ್ತದೆಂದು ಕೊಳ್ಳುವಾಗ ನನಗೆ ಗೊತ್ತಿರಲಿಲ್ಲ. ಮೂರನೆಯ ಶೀಟು ಸದಾ ಹಗ್ಗದ ಮೇಲೆ.

ಡ್ರೈ ಶೀಟ್ ಹಾಸಿದರೆ ಮಗು ಅದಕ್ಕೇ ಒಗ್ಗಿಹೋಗುತ್ತದೆ, ಎಂದಿಗೂ ಕಲಿಯುವುದಿಲ್ಲ ಎಂದು ನೆರೆಮನೆಯವರು ಹೇಳಿದ್ದರು. ಆ ಹೆದರಿಕೆಯಿಂದಲೇ ಮಕ್ಕಳ ವೈದ್ಯರಲ್ಲಿಗೆ ಹೋದೆ. ಐದು ವರ್ಷದೊಳಗೆ ಇದನ್ನು ಕಾಯಿಲೆಯೆಂದೇ ಎಣಿಸುವುದಿಲ್ಲ, ಐದು ತುಂಬಿದ ನೂರು ಮಕ್ಕಳಲ್ಲಿ ಸುಮಾರು 15 ಮಕ್ಕಳು ರಾತ್ರಿ ಒದ್ದೆ ಮಾಡಿಕೊಳ್ಳುತ್ತಾರೆ ಎಂದರು ಅವರು. ನಿದ್ದೆಯಲ್ಲಿ ಮೂತ್ರದ ಉತ್ಪತ್ತಿಯನ್ನು ತಗ್ಗಿಸುವ ಹಾರ್ಮೋನು ಕೆಲವು ಮಕ್ಕಳಲ್ಲಿ ತಡವಾಗಿ ಹದಕ್ಕೆ ಬರುತ್ತದೆ. ಮೂತ್ರಕೋಶ ತುಂಬಿದರೂ ಗಾಢ ನಿದ್ದೆಯಿಂದ ಎಚ್ಚರವಾಗುವುದಿಲ್ಲ. ಇದರಲ್ಲಿ ಮಗುವಿನ ಹಟವೂ ಇಲ್ಲ, ಸೋಮಾರಿತನವೂ ಇಲ್ಲ. ತಂದೆ ತಾಯಿಯರಲ್ಲಿ ಒಬ್ಬರಿಗೆ ಇದ್ದಿದ್ದರೆ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕೆ ಹತ್ತಿರ ಎಂದಾಗ, ಜೊತೆಗೆ ಬಂದಿದ್ದ ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇವನ ಅಪ್ಪನೂ ಎಂಟು ವರ್ಷದವರೆಗೆ ಹೀಗೆಯೇ ಇದ್ದ’ ಎಂದರು. ಅಂದಿನಿಂದ ಮಗನನ್ನು ಹೆಗಲಿಗೆ ಹಾಕಿಕೊಳ್ಳುವ ಕೆಲಸವನ್ನು ನಮ್ಮವರು ತಾವಾಗಿಯೇ ವಹಿಸಿಕೊಂಡಿದ್ದಾರೆ.

ವೈದ್ಯರು ಕೇಳಿದ್ದರಲ್ಲಿ ನಾನು ನಿರೀಕ್ಷಿಸದೇ ಇದ್ದ ಪ್ರಶ್ನೆ ಮಲದ ಬಗ್ಗೆ. ಮಗ ಮೂರು ದಿನಕ್ಕೊಮ್ಮೆ, ಅದೂ ತಿಣುಕಿ ಹೋಗುತ್ತಿದ್ದ. ಕರುಳಲ್ಲಿ ಗಟ್ಟಿಯಾಗಿ ನಿಂತ ಮಲ ಮೂತ್ರಕೋಶವನ್ನು ಒತ್ತುತ್ತದಂತೆ. ಅದಕ್ಕೆ ಔಷಧಿ ಕೊಟ್ಟರು, ಜೊತೆಗೆ ಪಪ್ಪಾಯಿ, ಸೊಪ್ಪಿನ ಸಾರು. ನೀರನ್ನು ಕಡಿಮೆ ಮಾಡಬೇಡಿ, ಹಗಲಿಗೆ ಸರಿಸಿ ಎಂದರು. ಸಂಜೆ ಮಾವನವರು ಪ್ರೀತಿಯಿಂದ ಬಟ್ಟಲಿಗೆ ಬಗ್ಗಿಸಿ ಕೊಡುತ್ತಿದ್ದ ಎರಡು ಗುಟುಕು ಕಾಫಿ ನಿಂತಿತು. ಹನ್ನೊಂದಕ್ಕೆ ಎಬ್ಬಿಸಿ ಬಚ್ಚಲಿಗೆ ಕರೆದೊಯ್ದರೆ ಆ ರಾತ್ರಿಯ ಹಾಸು ಉಳಿಯಬಹುದು, ಅದರಿಂದ ಅಭ್ಯಾಸ ಬರುವುದಿಲ್ಲ ಎಂದದ್ದರಿಂದ ಅದನ್ನೂ ಬಿಟ್ಟೆವು. ಒದ್ದೆಯಾದೊಡನೆ ಸದ್ದು ಮಾಡುವ ಅಲಾರಂ ಈ ವಯಸ್ಸಿಗೆ ಬೇಡವೆಂದರು. ಆರು ತಿಂಗಳು ರಾತ್ರಿ ಒದ್ದೆ ಮಾಡಿಕೊಳ್ಳದೆ ಇದ್ದ ಮಗು ಮತ್ತೆ ಶುರುಮಾಡಿದರೆ, ಉರಿ, ಜ್ವರ, ಅತಿಯಾದ ಬಾಯಾರಿಕೆ ಇದ್ದರೆ, ಹಗಲಲ್ಲೂ ಸೋರುತ್ತಿದ್ದರೆ ಮಾತ್ರ ಯಾವ ಶೀಟನ್ನೂ ನಂಬಿ ಕೂರದೆ ವೈದ್ಯರಲ್ಲಿಗೆ ಹೋಗಬೇಕು.

ಇನ್ನು ನನ್ನ ದೂರು. ಜುಲೈನಲ್ಲಿ ಮೂರರಲ್ಲಿ ಒಂದು ಸೋರತೊಡಗಿತು. ತಿರುಗಿಸಿ ನೋಡಿದರೆ ಹಿಂಬದಿಯ ಪದರ ಬಿಸಿಲಿಗೆ ಸುಟ್ಟ ಚರ್ಮದಂತೆ ಸುಲಿಯುತ್ತಿತ್ತು. ವಾಸನೆ ಹೋಗಲೆಂದು ಅತ್ತೆ ಅದನ್ನು ಕುದಿಯುವ ನೀರಿನಲ್ಲಿ ನೆನೆಸುತ್ತಿದ್ದರು. ಈ ಶೀಟುಗಳಿಗೆ ಕುದಿನೀರು, ಇಸ್ತ್ರಿ, ಬಟ್ಟೆ ಮೃದುಗೊಳಿಸುವ ದ್ರವ ಯಾವುದೂ ಆಗದು. ಮೊದಲು ತಣ್ಣೀರಿನಲ್ಲಿ ಜಾಲಿಸಿ, ಸೋಪಿನ ನೀರಿನಲ್ಲಿ ಕೈಯಿಂದ ಒಗೆದು, ಹಿಂಡದೆ ನೆರಳಲ್ಲಿ ಹರವಬೇಕು. ಅದೆಲ್ಲವೂ ಶೀಟಿನ ಮೂಲೆಯ ಬೆರಳಗಲದ ಚೀಟಿಯಲ್ಲಿದೆ, ಇಂಗ್ಲಿಷಿನಲ್ಲಿ. ಅತ್ತೆ ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು. ಕನ್ನಡದಲ್ಲಿ ನಾಲ್ಕು ಸಾಲು ಇದ್ದಿದ್ದರೆ ಆ ಶೀಟು ಇನ್ನೂ ಬಾಳುತ್ತಿತ್ತು. ‘ತಪ್ಪು ನನ್ನದೇ’ ಎಂದು ಅವರು ಎರಡು ದಿನ ಕೊರಗಿದರು. ಆ ಕೊರಗಿಗಾಗಿಯೇ ಐದರಲ್ಲಿ ಒಂದು ಅಂಕ ಕಳೆಯುತ್ತಿದ್ದೇನೆ. ಕನ್ನಡ ನಾಡಿನಲ್ಲಿ ಮಾರುವ ವಸ್ತುವಿನ ಮೇಲೆ ಒಗೆಯುವ ಕ್ರಮವನ್ನು ಕನ್ನಡದಲ್ಲಿ ಅಚ್ಚು ಹಾಕಲು ಏನು ಕಷ್ಟ?

ಉಳಿದೆರಡು ಇಂದಿಗೂ ಗಟ್ಟಿಯಾಗಿವೆ. ಮಗನಿಗೀಗ ಐದು ವರ್ಷ ಎರಡು ತಿಂಗಳು. ವಾರಕ್ಕೆ ಐದಾರು ರಾತ್ರಿ ಆಗುತ್ತಿದ್ದುದು ಎರಡಕ್ಕೆ ಇಳಿದಿದೆ. ಅದು ವಯಸ್ಸಿನಿಂದಲೋ ಹೊಟ್ಟೆ ಸರಿಹೋದದ್ದರಿಂದಲೋ ಇರಬೇಕು, ಶೀಟಿನಿಂದಲ್ಲ.

ಈ ದಸರೆಗೆ ಮೈಸೂರಿನಲ್ಲಿ ಅಕ್ಕನ ಮನೆಯಲ್ಲಿ ಮೂರು ರಾತ್ರಿ ಉಳಿದೆವು. ಹೋದ ವರ್ಷ ಇದೇ ಕಾರಣಕ್ಕೆ ಹೋಗಿರಲಿಲ್ಲ. ದೀಪಾಲಂಕಾರ ನೋಡಿ ಬಂದು, ಮಕ್ಕಳಿಗೆಲ್ಲ ಹಾಲ್‌ನಲ್ಲಿ ಸಾಲಾಗಿ ಹಾಸುತ್ತಿದ್ದಾಗ ಮಗ ನನ್ನ ಬ್ಯಾಗಿನಿಂದ ಡ್ರೈ ಶೀಟನ್ನು ತಾನೇ ಎಳೆದು ತಂದು ಹರವಿದ, ಮೂಲೆ ಮಡಚಿದ್ದನ್ನು ಕಾಲಿನಿಂದ ಸರಿಪಡಿಸಿದ. ‘ಇದೇನು?’ ಎಂದು ಅಕ್ಕನ ಮಗಳು ಕೇಳಿದಳು. ‘ನನ್ನ ಹಾಸು, ರಾತ್ರಿ ಒದ್ದೆಯಾದರೆ ಅಮ್ಮ ತೆಗೆಯುತ್ತಾಳೆ’ ಎಂದು ಹೇಳಿ ಮಲಗಿದ.