ಫೋಟೊ ವಿಡಿಯೊ ಮಾಡಿಸುವ ಮುಂಚೆ ಅಳತೆ ಕೇಳ್ರಿ: ನಮ್ಮಪ್ಪ ಪೈಲವಾನ ಆದ ಕಥೆ

ವಿಜಯಪುರದ ಕಡೆ ಯಾರಾದರೂ ಹಳೇ ಫೋಟೊ ಕೂಡಿಸಿ ಹಾಡು ಹಚ್ಚಿ ವಿಡಿಯೊ ಮಾಡಿಸುವವರಿದ್ದರೆ ಮೊದಲು ಇದನ್ನೊಮ್ಮೆ ಓದಿಬಿಡಿ. ದುಡ್ಡು ಕಳಕೊಂಡು ಕಲಿತದ್ದು.

ಅಪ್ಪ-ಅವ್ವನ ಮದುವೆಗೆ 50 ವರ್ಷ ತುಂಬಿತು. ತಮ್ಮ ಪುಣೆಯಲ್ಲಿ, ತಂಗಿ ಬೆಂಗಳೂರಲ್ಲಿ, ಇಬ್ಬರಿಗೂ ರಜೆ ಸಿಗಲಿಲ್ಲ. ಟ್ರಂಕಿನ ಆಲ್ಬಮ್ಮು, ಮೊಬೈಲು ಎಲ್ಲ ಜಾಲಾಡಿ 140 ಫೋಟೊ ಆರಿಸಿ ಊರಿನ ಒಂದು ಸ್ಟುಡಿಯೊಕ್ಕೆ ಕೊಟ್ಟೆ. ಹೆಸರು ಬೇಡ. “ಎಲ್ಲಾರೂ ಲ್ಯಾಪ್‌ಟಾಪಿನ್ಯಾಗ ನೋಡೋರದಾರ್ರಿ” ಅಂತ ಹೇಳಿಯೇ ಕೊಟ್ಟಿದ್ದೆ. “ಚಿಂತಿ ಬ್ಯಾಡ್ರಿ ಸರ, ಫುಲ್ ಎಚ್‌ಡಿ” ಅಂದರು. ಅಗಲ ಎಷ್ಟು, ಎತ್ತರ ಎಷ್ಟು ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ₹3,500 ಎಣಿಸಿ ಒಂದು ಡಿವಿಡಿ, ಒಂದು ಪೆನ್‌ಡ್ರೈವ್ ತಂದೆ.

ರವಿವಾರ ಸಂಜೆ ಮೂರೂ ಮನೆಯಲ್ಲಿ ಒಂದೇ ಹೊತ್ತಿಗೆ ಹಚ್ಚಿದೆವು. ಮೊದಲನೇ ಫೋಟೊ, ಗೋಳಗುಮ್ಮಟದ ಮುಂದೆ ಅಪ್ಪ-ಅವ್ವ, ಮದುವೆಯಾದ ಹೊಸತರಲ್ಲಿ. ಅವ್ವ ಚಷ್ಮಾ ಸರಿ ಮಾಡಿಕೊಂಡು ಪರದೆ ಹತ್ತಿರ ಬಂದಳು.

“ಅಲ್ಲೋ, ನನ್ನ ಬಾಜೂಕ ನಿಂತವ ಯಾರೋ ಇವ?”

“ಅಪ್ಪಾರಲ್ಲೇನ ಅವ್ವಾ.”

“ನಿಮ್ಮಪ್ಪ ಆವಾಗ ಕಡ್ಡಿ ಹಂಗ ಇದ್ದ. ಇವ ಯಾವನೋ ಪೈಲವಾನ ಇದ್ದಾನ.”

ಹಿಂದಿನ ಗುಮ್ಮಟವೂ ಡಬ್ಬ ಹಾಕಿದ ಬುಟ್ಟಿಯ ಹಾಗೆ ಹರಡಿಕೊಂಡಿತ್ತು. ಅಪ್ಪ ಮಾತ್ರ ಮೀಸೆ ಸವರಿಕೊಂಡು ಚಹಾ ಕುಡಿದರು.

ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಅದರಲ್ಲಿ ಡೀಟೇಲ್ಸ್ ನೋಡಿದೆ. ಅಗಲ 720, ಎತ್ತರ 576 ಪಿಕ್ಸೆಲ್, ಅಂದರೆ ಚಿತ್ರ ಕೂಡಿಸುವ ಸಣ್ಣ ಸಣ್ಣ ಚುಕ್ಕೆ. ಇದು ಡಬ್ಬಾ ಟಿವಿ ಕಾಲದ ಡಿವಿಡಿ ಅಳತೆ, ಪಾಲ್ ಅಂತಾರೆ. ಇದರ ಪಿಕ್ಸೆಲ್ ಚೌಕಾಕಾರ ಇರುವುದಿಲ್ಲ. ಇದೇ ಫೈಲನ್ನು 4:3 (ಅಗಲ 4 ಪಾಲು, ಎತ್ತರ 3 ಪಾಲು, ಡಬ್ಬಾ ಟಿವಿಯ ಆಕಾರ) ಆಗಿಯೂ ತೋರಿಸಬಹುದು, 16:9 (ಈಗಿನ ಅಗಲ ಪರದೆ) ಆಗಿಯೂ ಹಿಗ್ಗಿಸಬಹುದು. ಯಾವುದು ಅಂತ ಹೇಳುವ ಗುರುತು ಫೈಲಿನೊಳಗೇ ಇರುತ್ತದೆ. ಇವರು ಫೋಟೊ ಜೋಡಿಸಿದ್ದು 4:3ಕ್ಕೆ, ಗುರುತು ಹಾಕಿದ್ದು 16:9ಕ್ಕೆ. ಮನೆಮಂದಿಯೆಲ್ಲ ಮೂರನೇ ಒಂದು ಪಾಲು ದಪ್ಪ ಆಗಿದ್ದು ಹಾಗೆ.

ವಾಪಸ್ ಹೋದೆ. ಎಚ್‌ಡಿಗೆ ಬೇರೆ ₹800 ಅಂದರು, ಕೊಟ್ಟೆ. ನನ್ನ ನಿಜವಾದ ದಡ್ಡತನ ಇಲ್ಲಿದೆ. ಎರಡನೇ ಫೈಲಿನಲ್ಲಿ ಫುಲ್ ಎಚ್‌ಡಿ ಅಳತೆ 1920×1080 ಅಂತಲೇ ಇತ್ತು, ಅಪ್ಪನೂ ತೆಳ್ಳಗಾಗಿದ್ದರು. ಆದರೆ ಲಗ್ನಪತ್ರಿಕೆಯ ಫೋಟೊ ಬಂತು ನೋಡಿ, ಮೂಲೆಯ ಅರಿಷಿಣದ ಕಲೆ ಕಾಣುತ್ತಿತ್ತು, ಕುಲದೇವರ ಹೆಸರು ಕಾಣುತ್ತಿರಲಿಲ್ಲ. ಅಕ್ಷರವೆಲ್ಲ ಒಂದಕ್ಕೊಂದು ಅಂಟಿ ಇರುವೆ ಸಾಲಾಗಿತ್ತು. ಮೂಲ ಫೋಟೊದಿಂದ ಹೊಸದಾಗಿ ಮಾಡುವ ಬದಲು ಅದೇ ಡಿವಿಡಿ ವಿಡಿಯೊವನ್ನು ದೊಡ್ಡದು ಮಾಡಿ ಕೊಟ್ಟಿದ್ದರು. 1920×1080ರಲ್ಲಿ ಇರುವ ಪಿಕ್ಸೆಲ್ 720×576ಕ್ಕಿಂತ ಸರಿಯಾಗಿ ಐದು ಪಟ್ಟು. ಇಲ್ಲದ ನಾಲ್ಕು ಪಟ್ಟು ಎಲ್ಲಿಂದ ಬರಬೇಕು? ಮಗಳ ಗ್ಯಾದರಿಂಗಿನ ಅಗಲ ಫೋಟೊಗಳಿಗಂತೂ ನಾಲ್ಕೂ ಕಡೆ ಕಪ್ಪು ಪಟ್ಟಿ: 4:3ಕ್ಕೆ ಕೂಡಿಸಿದಾಗ ಮೇಲೆ-ಕೆಳಗೆ ಬಂದದ್ದು, ಅದನ್ನು 16:9ರಲ್ಲಿ ಇಟ್ಟಾಗ ಎರಡೂ ಬದಿಗೆ ಬಂದದ್ದು. ಅಷ್ಟು ದೊಡ್ಡ ಪರದೆಯಲ್ಲಿ ನಡುವೆ 1440×810ರಷ್ಟೇ ಚಿತ್ರ, ಕಿಟಕಿಯಿಂದ ಇಣುಕಿದ ಹಾಗೆ.

ಕೊನೆಗೆ ಅಳಿಯ ಮನೆಯಲ್ಲೇ ಬಿಟ್ಟಿ ಸಾಫ್ಟ್‌ವೇರಿನಲ್ಲಿ ಎರಡು ರಾತ್ರಿ ಕೂತು ಮಾಡಿದ. ಕಂಪ್ಯೂಟರಿನಲ್ಲಿ ನೋಡುವುದಾದರೆ 1920×1080, ಚೌಕ ಪಿಕ್ಸೆಲ್, ಎಂಪಿ4. ಕೆಲಸ ಶುರುವಾಗುವಾಗಲೇ ಈ ಅಳತೆ ಇಡಬೇಕು, ಕೊನೆಗೆ ಹಿಗ್ಗಿಸಿದರೆ ನಡೆಯುವುದಿಲ್ಲ. ತಂಗಿಯ ಹಳೇ ಲ್ಯಾಪ್‌ಟಾಪಿನ ಪರದೆ 1366×768 ಮಾತ್ರ, ಅದರಲ್ಲೂ ಚೆನ್ನಾಗಿಯೇ ಕಂಡಿತು. ದೊಡ್ಡದನ್ನು ಕುಗ್ಗಿಸಿ ತೋರಿಸಿದರೆ ತೊಂದರೆಯಿಲ್ಲ. 4ಕೆ (3840×2160) ಅಂತ ಯಾರಾದರೂ ಹೆಚ್ಚು ದುಡ್ಡು ಕೇಳಿದರೆ ಬೇಡ ಅನ್ನಿ. ಪಿಕ್ಸೆಲ್ ನಾಲ್ಕು ಪಟ್ಟು ಆಗುತ್ತದೆ, ಹಳೇ ಲ್ಯಾಪ್‌ಟಾಪ್ ತಡವರಿಸುತ್ತದೆ, ಆಲ್ಬಮ್ಮಿನ ಫೋಟೊದಲ್ಲಿ ಅಷ್ಟು ವಿವರ ಇರುವುದೂ ಇಲ್ಲ.

4:3 ಫೋಟೊ ಪೂರ್ತಿ ಕಾಣಬೇಕಾದರೆ ಎರಡೂ ಬದಿಗೆ 240 ಪಿಕ್ಸೆಲ್ ಖಾಲಿ ಉಳಿಯುತ್ತದೆ. ಉಳಿಯಲಿ ಬಿಡಿ. ಪರದೆ ತುಂಬಿಸಲಿಕ್ಕೆ ಹೋಗಿ ಗ್ರೂಪ್ ಫೋಟೊದ ಹಿಂದಿನ ಸಾಲಿನವರ ತಲೆ ಕತ್ತರಿಸಿದರೆ ಸೋದರಮಾವಂದಿರು ಜನ್ಮಪೂರ್ತಿ ಮಾತಾಡಿಸುವುದಿಲ್ಲ. ಅದೇ ಫೋಟೊವನ್ನು ಮಸುಕು ಮಾಡಿ ಹಿಂದೆ ಹಾಕುವ ಫ್ಯಾಷನ್ನೂ ಇದೆ, ನನಗಂತೂ ಕಣ್ಣು ತಿರುಗಿದ ಹಾಗಾಗುತ್ತದೆ. ಆಲ್ಬಮ್ಮಿನ ಫೋಟೊಗಳನ್ನು 600 ಡಿಪಿಐಗೆ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿಸಿ. ವಾಟ್ಸಾಪಿನಲ್ಲಿ ಕಳಿಸುವುದಿದ್ದರೆ ಫೋಟೊ, ವಿಡಿಯೊ ಎರಡನ್ನೂ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಅದೇ ಕುಗ್ಗಿಸಿಬಿಡುತ್ತದೆ. ಸ್ಟುಡಿಯೊಕ್ಕೇ ಕೊಡುವುದಾದರೆ ಪೂರ್ತಿ ಹಣ ಕೊಡುವ ಮುಂಚೆ ಅರ್ಧ ನಿಮಿಷದ ತುಣುಕು ಕೇಳಿ ತಂದು ನಿಮ್ಮ ಲ್ಯಾಪ್‌ಟಾಪಿನಲ್ಲೇ ನೋಡಿ. ಆ ತುಣುಕಿನಲ್ಲಿ ಅಕ್ಷರ ಇರುವ ಫೋಟೊ ಒಂದು ಇರಲಿ.

ಜಗಳಾಡಿದ ಮೇಲೆ ಅಂಗಡಿಯವರು ₹800 ವಾಪಸ್ ಕೊಟ್ಟರು, ₹3,500 ಕೊಡಲಿಲ್ಲ. ಡಿವಿಡಿ ಟ್ರಂಕಿನಲ್ಲಿದೆ. ಅದನ್ನು ಹಾಕಿ ನೋಡೋಣ ಅಂದರೆ ನಮ್ಮ ಮೂರೂ ಮನೆಯ ಯಾವ ಲ್ಯಾಪ್‌ಟಾಪಿಗೂ ಡಿವಿಡಿ ಡ್ರೈವೇ ಇಲ್ಲ.