ಮಳೆಗಾಲಕ್ಕೆ ಸರಿ, ಆದರೆ ಹೇಳದೇ ಕೈಕೊಡುವ ಬ್ಯಾಟರಿ

ಸೋಲಾರ್ ದೀಪಕ್ಕೆಂದು ತಂದ ಈ ಲಿಥಿಯಂ ಬ್ಯಾಟರಿ ಒಳ್ಳೆಯದೇ. ಅಮ್ಮನಿಗೆ ಮಾತ್ರ ಇದರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.

ನಮ್ಮದು ತೀರ್ಥಹಳ್ಳಿ ಕಡೆಯ ತೋಟದ ಮನೆ. ಮಳೆ ಹಿಡಿದರೆ ಕರೆಂಟ್ ಹೋಗುವುದು ಮಾಮೂಲಿ. ಕೊಟ್ಟಿಗೆಗೊಂದು, ಅಡುಗೆಮನೆಗೊಂದು ಎಲ್‌ಇಡಿ ದೀಪ, ಜೊತೆಗೆ ಮೊಬೈಲ್ ಚಾರ್ಜ್. ಅಷ್ಟಕ್ಕೇ 40 ವ್ಯಾಟ್ ಸೋಲಾರ್ ಪ್ಯಾನಲ್. ಮೊದಲಿದ್ದ ಲೆಡ್ ಆಸಿಡ್ ಬ್ಯಾಟರಿ ಜೂನ್, ಜುಲೈನಲ್ಲಿ ಪೂರ್ತಿ ಚಾರ್ಜೇ ಆಗುತ್ತಿರಲಿಲ್ಲ. ವಾರಗಟ್ಟಲೆ ಅರೆಬರೆ ಚಾರ್ಜಿನಲ್ಲಿ ಕೂತರೆ ಅದರ ಪ್ಲೇಟಿಗೆ ಸಲ್ಫೇಟ್ ಗಟ್ಟಿಯಾಗಿ ಹಿಡಿಯುತ್ತದೆ. ಆಮೇಲೆ ಬಿಸಿಲು ಬಂದರೂ ಮೊದಲಿನ ಕಸುವು ಬರುವುದಿಲ್ಲ.

ಹಾಗಾಗಿ ಸುಮಾರು ಆರು ಸಾವಿರ ಕೊಟ್ಟು 20 ಎಎಚ್ (ಆಂಪಿಯರ್-ಅವರ್) ಸಾಮರ್ಥ್ಯದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತಂದೆ. ಅರ್ಧ ಚಾರ್ಜಿನಲ್ಲಿ ಬಿಟ್ಟರೂ ಇದಕ್ಕೆ ತೊಂದರೆಯಿಲ್ಲ. ಡಿಸ್ಟಿಲ್ಡ್ ವಾಟರ್ ಹಾಕುವ ಕೆಲಸವೂ ತಪ್ಪಿತು.

ಬೆಳಗ್ಗೆ ಕಾಫಿ ಕುಡಿದು ಹಳೇ ಪಂಚೆಯ ತುಂಡಿನಿಂದ ಪ್ಯಾನಲ್ ಒರೆಸುವುದು ನನ್ನ ಕೆಲಸ. ಮಳೆಗಾಲದಲ್ಲಿ ಕೆಳಗಿನ ಅಂಚಿಗೆ ತೆಳ್ಳಗೆ ಪಾಚಿ ಕಟ್ಟುತ್ತದೆ. ಅದನ್ನು ಉಗುರಿನಿಂದಲೇ ಕೆರೆಯಬೇಕು. ಆಮೇಲೆ ಪ್ಯಾನಲ್ಲಿಗೂ ಬ್ಯಾಟರಿಗೂ ನಡುವೆ ಕೂತು ಚಾರ್ಜ್ ನೋಡಿಕೊಳ್ಳುವ ಕಂಟ್ರೋಲರ್ ಮುಂದೆ ನಿಂತು, ಎಷ್ಟು ಆಂಪಿಯರ್ ಕರೆಂಟ್ ಬರುತ್ತಿದೆ ಎಂದು ನೋಡುವುದು. ಮೋಡವಿದ್ದರೆ 0.2. ಒಂದು ಗಳಿಗೆ ಬಿಸಿಲು ಬಿದ್ದರೆ ಸೀದಾ 2ಕ್ಕೆ ಹಾರುತ್ತದೆ. ಸುಮ್ನೆ ನೋಡುತ್ತಾ ನಿಂತರೂ ಖುಷಿ.

ಇಷ್ಟರವರೆಗೆ ಐದು ಸ್ಟಾರ್. ಇನ್ನು ಅಮ್ಮನ ಸಿಟ್ಟಿನ ವಿಷಯ.

ಹಳೇ ಬ್ಯಾಟರಿ ಮುಗಿಯುವ ಮುಂಚೆ ದೀಪ ಮಂಕಾಗುತ್ತಿತ್ತು. ಇದರಲ್ಲಿ ಹಾಗಿಲ್ಲ. ಹೆಚ್ಚುಕಮ್ಮಿ ಕೊನೆಯವರೆಗೂ ವೋಲ್ಟೇಜ್ 13ರ ಆಸುಪಾಸಿನಲ್ಲೇ ಇರುತ್ತದೆ, ಆಮೇಲೆ ದಬಕ್ಕನೆ ಇಳಿಯುತ್ತದೆ. ಬ್ಯಾಟರಿಯೊಳಗೆ ಅದನ್ನು ಕಾಯುವ ಬಿಎಂಎಸ್ ಎಂಬ ಸರ್ಕ್ಯೂಟ್ ಇದೆ, ಅದು ಸೆಲ್ ಉಳಿಸಲು ಲೈನ್ ಕತ್ತರಿಸುತ್ತದೆ. ಅಮ್ಮ ಹಾಲು ಕರೆಯುತ್ತಿದ್ದಾಗಲೇ ಕೊಟ್ಟಿಗೆ ಕತ್ತಲಾಯಿತು. ದನ ಬೆದರಿ ಚೊಂಬು ಒದೆಯಿತು. "ಹಳೇದು ಹೇಳಿಯಾದರೂ ಹೋಗ್ತಿತ್ತು ಮಾರಾಯ" ಎಂದರು.

ಅದಕ್ಕಿಂತ ಕಿರಿಕಿರಿ ಮರುದಿನದ್ದು. ಬಿಸಿಲು ಬಂದರೂ ಚಾರ್ಜ್ ಆಗಲಿಲ್ಲ. ನಮ್ಮಂಥ ಅಗ್ಗದ ಕಂಟ್ರೋಲರ್ ಓಡುವುದು ಬ್ಯಾಟರಿಯ ಕರೆಂಟಿನಿಂದಲೇ. ಬಿಎಂಎಸ್ ಮುಚ್ಚಿಕೊಂಡ ಮೇಲೆ ಅದಕ್ಕೂ ಜೀವವಿಲ್ಲ. ಪ್ಯಾನಲ್ ಇದ್ದೂ ಇಲ್ಲದ ಹಾಗೆ! ಕೊನೆಗೆ ಪೇಟೆಗೆ ಒಯ್ದು ಲಿಥಿಯಂ ಚಾರ್ಜರಿಗೆ ಹಾಕಿಸಿ ಎಬ್ಬಿಸಿದ್ದಾಯಿತು. ಜೊತೆಗೆ ಬಂದ ಪುಸ್ತಿಕೆಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ.

ದಾರಿಯಿದೆ. ಕಂಟ್ರೋಲರ್ ದೀಪ ಆರಿಸುವ ವೋಲ್ಟೇಜ್ ನಮ್ಮದರಲ್ಲಿ 10.7 ಇತ್ತು. ಅದು ಲೆಡ್ ಆಸಿಡ್‌ಗೆ ಇಟ್ಟ ಲೆಕ್ಕ. ಈಗ 12ಕ್ಕೆ ಏರಿಸಿದ್ದೇನೆ. ಬಿಎಂಎಸ್ ಕತ್ತರಿಸುವ ಮುಂಚೆಯೇ ದೀಪ ಆರುತ್ತದೆ, ಕಂಟ್ರೋಲರ್ ಎಚ್ಚರವಾಗಿರುತ್ತದೆ. ಈ ಎರಡನೇ ಮಳೆಗಾಲದಲ್ಲಿ ಬ್ಯಾಟರಿಯನ್ನು ಪೇಟೆಗೆ ಹೊರಬೇಕಾಗಿ ಬಂದಿಲ್ಲ. ದೀಪ ಈಗಲೂ ಹೇಳದೇ ಆರುತ್ತದೆ, ಅದಕ್ಕೆ ಒಂದೂವರೆ ಸ್ಟಾರ್ ಕಟ್.

ವರ್ಷವಿಡೀ ಒಳ್ಳೆ ಬಿಸಿಲಿರುವ ಬಯಲುಸೀಮೆಯವರಾದರೆ, ಕೈಯಲ್ಲಿ ದುಡ್ಡೂ ಕಡಿಮೆಯಿದ್ದರೆ, ಲೆಡ್ ಆಸಿಡ್ಡೇ ಸಾಕು. ಲಿಥಿಯಂ ತರುವುದಾದರೆ ದುಡ್ಡು ಕೊಡುವ ಮುಂಚೆ ನಿಮ್ಮ ಕಂಟ್ರೋಲರಿನಲ್ಲಿ ಆ ವೋಲ್ಟೇಜ್ ಬದಲಿಸಲು ಬರುತ್ತದಾ ನೋಡಿ. ಕೆಲವದರಲ್ಲಿ ಬರುವುದಿಲ್ಲ.